ಹದಿನೆಂಟನೇ ಸೀಟಿನಲ್ಲಿ ಕೂತ ಏಳು

2013ರಲ್ಲಿ ನಾನು ಸಾಲಿಗ್ರಾಮದ ಹತ್ತಿರದ ಒಂದು ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ಗಣಿತದ ಹಿರಿಯ ಉಪನ್ಯಾಸಕಿಯಾಗಿದ್ದೆ. ಮನೆ ಕುಂಭಾಶಿಯಲ್ಲಿ. ಬೆಳಿಗ್ಗೆ ಸಿಕ್ಕ ಬಸ್ಸು ಹತ್ತಿ ಹೋಗುವುದು, ಸಂಜೆ ಕಂಬಿ ಹಿಡಿದು ನಿಂತುಕೊಂಡೇ ಬರುವುದು ನನ್ನ ದಿನಚರಿ. ವೃತ್ತಿಯಲ್ಲಿ ಎಷ್ಟು ಲೆಕ್ಕ ಬಿಡಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಒಂದನ್ನು ಮಾತ್ರ ಉತ್ತರ ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಇಟ್ಟುಕೊಂಡಿದ್ದೆ. ಬೇಕಾದ ದಿನ, ಬೇಕಾದವನ ಎದುರು, ಸಭೆಯ ನಡುವೆ ಅದನ್ನು ಬಿಡಿಸಿದೆ. ಅದನ್ನು ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ಕ್ಷಮೆಯ ಬಗ್ಗೆ ಓದಲು ಆಸೆಯಿದ್ದವರು ಬೇರೆ ಯಾರದಾದರೂ ನೆನಪುಗಳನ್ನು ಓದಬಹುದು, ನನಗೆ ಬೇಸರವಿಲ್ಲ.

ಮೊದಲು ಆ ಸಂಖ್ಯೆಯನ್ನು ಪರಿಚಯ ಮಾಡಿಸಬೇಕು. ಇಪ್ಪತ್ತೈದು ಅಂಕಿಗಳ ಸಂಖ್ಯೆ ಅದು: 3608528850368400786036725. ನೋಡಲು ಯಾರೋ ಕಣ್ಣು ಮುಚ್ಚಿ ಒತ್ತಿದ ಅಂಕಿಗಳಂತಿದೆ. ಆದರೆ ಎಡಗಡೆಯಿಂದ ಒಂದೊಂದೇ ಅಂಕಿ ಸೇರಿಸುತ್ತಾ ಓದಿ. ಮೊದಲ ಎರಡು ಅಂಕಿ 36, ಅದು ಎರಡರಿಂದ ಭಾಗ ಹೋಗುತ್ತದೆ. ಮೊದಲ ಮೂರು 360, ಮೂರರಿಂದ ಹೋಗುತ್ತದೆ. 3608 ನಾಲ್ಕರಿಂದ, 36085 ಐದರಿಂದ, 360852 ಆರರಿಂದ. ಹೀಗೆ ಹತ್ತರಿಂದ, ಹದಿಮೂರರಿಂದ, ಹತ್ತೊಂಬತ್ತರಿಂದ, ಕೊನೆಗೆ ಇಡೀ ಸಂಖ್ಯೆ ಇಪ್ಪತ್ತೈದರಿಂದ ಶೇಷವಿಲ್ಲದೆ ಭಾಗ ಹೋಗುತ್ತದೆ. ಇಪ್ಪತ್ತೈದು ಅಂಕಿಯವರೆಗೆ ಈ ನಿಯಮ ಮುರಿಯದೆ ಬಂದ ಸಂಖ್ಯೆ ಇದೊಂದೇ. ಇದರಾಚೆಗೆ ಯಾವುದೂ ಇಲ್ಲ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಎಂ.ಎಸ್ಸಿ. ಓದುವಾಗ ಲೈಬ್ರರಿಯಲ್ಲಿ ಒಂದು ಹಳೆಯ ಪತ್ರಿಕೆಯ ಮೂಲೆಯಲ್ಲಿ ಕಂಡಿದ್ದೆ. ಮಕ್ಕಳಿಗೂ ಪ್ರತಿ ವರ್ಷ ಹಾಗೆಂದೇ ಹೇಳುತ್ತಿದ್ದೆ. ನನ್ನದು ಎಂದು ಹೇಳಿಕೊಳ್ಳಬಹುದಾದ್ದು ಅದನ್ನು ಪಾಠ ಮಾಡುವ ರೀತಿ ಮಾತ್ರ. ನಾನು ಅದನ್ನು ಬಸ್ಸು ಎನ್ನುತ್ತಿದ್ದೆ. ಒಂದೊಂದು ಸ್ಟಾಪಿನಲ್ಲಿ ಒಂದೊಂದು ಅಂಕಿ ಹತ್ತಿ ಸಾಲಾಗಿ ಸೀಟಿನಲ್ಲಿ ಕೂರುತ್ತದೆ. ಐದನೇ ಸ್ಟಾಪಿನಲ್ಲಿ ಐದರಿಂದ ಭಾಗಿಸಿ ನೋಡುವುದು, ಹತ್ತನೆಯದರಲ್ಲಿ ಹತ್ತರಿಂದ. ಶೇಷ ಉಳಿದರೆ ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಅಲ್ಲೇ ನಿಲ್ಲುತ್ತದೆ. ಇಪ್ಪತ್ತಾರನೇ ಸ್ಟಾಪಿಗೆ ಬಂದಾಗ ಮಕ್ಕಳೇ ಲೆಕ್ಕ ಮಾಡಿ ಹೇಳುತ್ತಿದ್ದರು, ಭಾಗ ಹೋಗಬೇಕಾದರೆ ಆ ಒಂದು ಸೀಟಿನಲ್ಲಿ ಹದಿನಾಲ್ಕು ಕೂರಬೇಕು ಎಂದು. ಒಂದು ಸೀಟಿಗೆ ಒಂದೇ ಅಂಕಿ, ಸೊನ್ನೆಯಿಂದ ಒಂಬತ್ತರ ಒಳಗೆ. ಹದಿನಾಲ್ಕಕ್ಕೆ ಜಾಗವಿಲ್ಲ. ಬಸ್ಸು ಇಪ್ಪತ್ತೈದಕ್ಕೇ ಕೊನೆ. ವರ್ಷದ ಕೊನೆಯ ವಾರದಲ್ಲಿ ಈ ಪಾಠ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಒಬ್ಬ ಹುಡುಗಿಯೂ ಹುಡುಗನೂ ಚಕ್ಕರ್ ಹಾಕುತ್ತಿರಲಿಲ್ಲ.

ಪಾಠ ಮುಗಿದ ಮೇಲೆ ನನ್ನದೊಂದು ಪದ್ಧತಿ ಇತ್ತು. ಸರಿಯಾದ ಸಂಖ್ಯೆಯನ್ನು ಒರೆಸಿ, ಎರಡು ಅಂಕಿಗಳನ್ನು ಅದಲು ಬದಲು ಮಾಡಿ ಮತ್ತೆ ಬರೆಯುತ್ತಿದ್ದೆ. "ತಪ್ಪು ಎಲ್ಲಿದೆ, ಹುಡುಕಿಕೊಂಡು ಬನ್ನಿ. ಕ್ಯಾಲ್ಕುಲೇಟರ್ ಮುಟ್ಟಬಾರದು." ಅದೇ ಹೋಂವರ್ಕ್. ಯಾವಾಗಲೂ ಹದಿನೇಳನೇ ಮತ್ತು ಹದಿನೆಂಟನೇ ಸೀಟಿನವರನ್ನೇ ಬದಲಾಯಿಸುತ್ತಿದ್ದೆ. 78 ಇರುವಲ್ಲಿ 87. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಹನ್ನೆರಡು ಅಂಕಿ ಮಾತ್ರ ಹಿಡಿಯುತ್ತದೆ, ಆದ್ದರಿಂದ ಯಂತ್ರ ನಂಬಿದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ತಲೆ ಓಡಿಸಿದವರಿಗೆ ಅರ್ಧ ನಿಮಿಷವೂ ಬೇಡ. ಎರಡು, ನಾಲ್ಕು, ಆರು ಎಂಬ ಸಮ ಸೀಟುಗಳಲ್ಲಿ ಸಮ ಅಂಕಿಯೇ ಕೂರಬೇಕು, ಇಲ್ಲವಾದರೆ ಭಾಗವೇ ಹೋಗದು. ಹದಿನೆಂಟನೇ ಸೀಟಿನಲ್ಲಿ ಏಳು ಕೂತಿದ್ದರೆ ಅದು ಟಿಕೆಟ್ ಇಲ್ಲದೆ ಹತ್ತಿದ್ದು. ಪಾಠ ಅರ್ಥವಾಗಿದೆಯೋ ಬಾಯಿಪಾಠವಾಗಿದೆಯೋ ಎಂದು ತಿಳಿಯಲು ನನಗೆ ಅದೊಂದೇ ಪರೀಕ್ಷೆ ಸಾಕಿತ್ತು.

2013ರ ಆ ವರ್ಷ ರಮಾಕಾಂತ ಎಂಬವನು ಅತಿಥಿ ಉಪನ್ಯಾಸಕನಾಗಿ ಬಂದ. ಫಿಸಿಕ್ಸ್ ಅವನ ವಿಷಯ. ಮಾತು ಬೆಣ್ಣೆ, ಅಂಗಿಯ ಇಸ್ತ್ರಿ ಸಂಜೆಯಾದರೂ ಮುರಿಯುತ್ತಿರಲಿಲ್ಲ. ನನ್ನ ಪೀರಿಯಡ್ ಮುಗಿದ ಕೂಡಲೇ ಅದೇ ಕ್ಲಾಸಿಗೆ ಅವನ ಪೀರಿಯಡ್. ನಮ್ಮ ಕಾಲೇಜಿನಲ್ಲಿ ಒಂದು ಮರ್ಯಾದೆ ಇತ್ತು. ಹೊರಗೆ ಹೋಗುವ ಮೇಷ್ಟ್ರು ಬೋರ್ಡು ಒರೆಸಿ, ಬರುವವರಿಗೆ ಚೊಕ್ಕಟ ಮಾಡಿ ಕೊಟ್ಟು ಹೋಗಬೇಕು. ನಾನು ಡಸ್ಟರ್ ಎತ್ತಿದರೆ ಸಾಕು, ಇವನು ಬಾಗಿಲಲ್ಲೇ ಹಾಜರು.

"ಮೇಡಂ, ಬೋರ್ಡ್ ನೀವ್ ಒರ್ಸುದ್ ಬ್ಯಾಡ. ಚಾಕಿನ ಧೂಳಿಗೆ ನಿಮ್ಗೆ ಕೆಮ್ಮ್ ಬತ್ತಲ್ದಾ? ಇಡಿ ಅಲ್ಲೇ, ನಾನ್ ಒರ್ಸ್ತೆ."

ಎಂಥ ವಿನಯದ ಹುಡುಗ ಎಂದು ನಾನು ಸ್ಟಾಫ್ ರೂಮಿನಲ್ಲೆಲ್ಲ ಹೊಗಳಿಕೊಂಡು ತಿರುಗಿದೆ. ನಾನು ಕಾರಿಡಾರಿನ ತಿರುವು ದಾಟಿದ ಮೇಲೆ ಅವನು ಮೊದಲು ಮೊಬೈಲ್ ತೆಗೆದು ಬೋರ್ಡಿನ ಫೋಟೋ ಹೊಡೆದು ಆಮೇಲೆ ಒರೆಸುತ್ತಿದ್ದ ಎಂಬುದು ಗೊತ್ತಾದದ್ದು ಬಹಳ ತಡವಾಗಿ. ಮಾರ್ಚ್ ಬಂತು. ನನ್ನ ಬಸ್ಸಿನ ಪಾಠ ಆಯಿತು. ಹೋಂವರ್ಕ್ ಬರೆದು ಬೋರ್ಡನ್ನು ಅವನ ಕೈಗೆ ಬಿಟ್ಟು ಬಂದೆ. ಮುಂದಿನ ಜೂನಿಗೆ ಅವನು ಕಾಲೇಜಿಗೆ ಬರಲಿಲ್ಲ.

ಕುಂದಾಪುರದಲ್ಲಿ ಅವನೊಂದು ಕೋಚಿಂಗ್ ಸೆಂಟರ್ ತೆರೆದಿದ್ದ. ನೋಡನೋಡುತ್ತ ಬೈಂದೂರಿನಲ್ಲೊಂದು ಶಾಖೆ, ಬ್ರಹ್ಮಾವರದಲ್ಲೊಂದು ಶಾಖೆ. ಅವನ ಕರಪತ್ರದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ "ರಮಾಕಾಂತ ಸಂಖ್ಯೆ" ಎಂದು ಬರೆದು ಕೆಳಗೆ ಇಪ್ಪತ್ತೈದು ಅಂಕಿ. "ನಮ್ಮ ಸಂಸ್ಥಾಪಕರು ವರ್ಷಗಳ ಸಂಶೋಧನೆಯಿಂದ ಕಂಡುಹಿಡಿದ ಅದ್ಭುತ ಸಂಖ್ಯೆ." ಮುಂದೆ ಬಸ್ಸು, ಸ್ಟಾಪು, ಕಂಡಕ್ಟರನ ಸೀಟಿ, ಎಲ್ಲವೂ. ನನ್ನ ಮಾತುಗಳೇ, ನನ್ನ ತಮಾಷೆಗಳೇ, ಮಕ್ಕಳ ಬಾಯಿಂದ ಕೇಳಿ ಎತ್ತಿಕೊಂಡಿದ್ದ. ಆಗ ಸಿಟ್ಟಿನಲ್ಲಿ ಅಂಕಿಗಳನ್ನು ಎಣಿಸಿದ್ದೂ ಇಲ್ಲ. ಎಣಿಸುವಷ್ಟು ಸಮಾಧಾನ ಯಾರಿಗಿತ್ತು?

ಫೋನ್ ಮಾಡಿ ಕೇಳಿದೆ. "ಪಾಠ ನಿಮ್ದ್ ಅಂಬುದಕ್ಕೆ ಸಾಕ್ಷಿ ಎಂತ ಇತ್ತ್ ಮೇಡಂ?" ಎಂದ, ಅದೇ ಬೆಣ್ಣೆಯ ದನಿಯಲ್ಲಿ. ನಾನು ಬಿಡುವುದಿಲ್ಲ ಎಂದೆ. ನಾನು ಏನಾದರೂ ಮಾಡುವ ಮೊದಲೇ ಅವನು ಮಾಡಿದ. ನಮ್ಮ ಆಡಳಿತ ಮಂಡಳಿಗೆ ದೂರು ಕೊಟ್ಟ. ತಾನು ಅತಿಥಿ ಉಪನ್ಯಾಸಕನಾಗಿದ್ದಾಗ ಮಕ್ಕಳಿಗೆ ಹೇಳಿಕೊಟ್ಟ ಸ್ವಂತ ಸಂಶೋಧನೆಯನ್ನು ಗಣಿತದ ಮೇಡಂ ಕದ್ದು ತಮ್ಮದೆಂದು ಪಾಠ ಮಾಡುತ್ತಿದ್ದಾರೆ ಎಂದು! ಅಷ್ಟು ಹೊತ್ತಿಗೆ ಒಂದು ಸ್ಥಳೀಯ ಪತ್ರಿಕೆ ಅವನ ಫೋಟೋ ಹಾಕಿ ಸುದ್ದಿ ಮಾಡಿತ್ತು. ಅವನ ಕೈಯಲ್ಲಿ ಅಚ್ಚಾದ ಕಾಗದ ಇತ್ತು. ನನ್ನ ಕೈಯಲ್ಲಿ ಚಾಕ್‌ಪೀಸ್ ಬಿಟ್ಟರೆ ಬೇರೇನಿತ್ತು?

ಸಂಚಾಲಕರ ಕೋಣೆಯಲ್ಲಿ ವಿಚಾರಣೆ. ನಮ್ಮ ಸಂಚಾಲಕರು ಕೆಟ್ಟವರಲ್ಲ, ಟೈಲ್ಸ್ ಮತ್ತು ಸಿಮೆಂಟಿನ ವ್ಯಾಪಾರಸ್ಥರು. ಗಣಿತದ ವಿಷಯಕ್ಕೆ ಮಾತ್ರ ದೂರದಿಂದಲೇ ಕೈ ಮುಗಿಯುವವರು.

"ಈ ಸಂಖ್ಯೆ ಯಾರದ್ದು?" ಎಂದು ನನ್ನನ್ನು ಕೇಳಿದರು.

"ಯಾರದ್ದೂ ಅಲ್ಲ ಸರ್. ಗಣಿತದ್ದು. ಪಾಠ ಮಾತ್ರ ನನ್ನದು."

"ಅಂದ್ರೆ ಸಂಖ್ಯೆ ನಿಮ್ದಲ್ಲ ಅಂತ ನೀವೇ ಒಪ್ಪಿದ ಹಾಗಾಯ್ತಲ್ಲ."

ಮತ್ತೆ ಅವನ ಕಡೆ ತಿರುಗಿ, ಸಂಖ್ಯೆಯನ್ನು ಬರೆಯಿರಿ ನೋಡುವ ಎಂದರು. ರಮಾಕಾಂತ ಎದ್ದು ಗೋಡೆಯ ಬಿಳಿ ಬೋರ್ಡಿನ ಮೇಲೆ ಇಪ್ಪತ್ತೈದು ಅಂಕಿಗಳನ್ನೂ ಉಸಿರು ಬಿಡದೆ ಬರೆದ. ಅಭ್ಯಾಸಬಲದಿಂದ ನಾನು ಒಂದೊಂದು ಸೀಟನ್ನೂ ಮನಸ್ಸಿನಲ್ಲಿ ಎಣಿಸುತ್ತಾ ಹೋದೆ. ಹದಿನೈದು, ಹದಿನಾರು, ಹದಿನೇಳರಲ್ಲಿ ಎಂಟು. ಹದಿನೆಂಟರಲ್ಲಿ ಏಳು.

ಅವನು ಕದ್ದದ್ದು ನನ್ನ ಪಾಠವನ್ನಲ್ಲ, ನನ್ನ ಹೋಂವರ್ಕನ್ನು!

ನನ್ನ ಬಾಯಿ ತೆರೆಯಿತು. ತೆರೆದ ಬಾಯಿಯನ್ನು ಮತ್ತೆ ಮುಚ್ಚಿದೆ. ಆ ಕೋಣೆಯಲ್ಲಿದ್ದದ್ದು ಪ್ರಿನ್ಸಿಪಾಲರೂ ಸೇರಿ ನಾಲ್ಕೇ ಜನ. ಈಗ ಹೇಳಿದರೆ, ಅಯ್ಯೋ ಕೈತಪ್ಪು ಎಂದು ನಕ್ಕು, ಎರಡು ಅಂಕಿ ತಿದ್ದಿ, ನಾಳೆಯಿಂದ ಸರಿಯಾದದ್ದನ್ನೇ ತನ್ನದೆಂದು ಮಾರುತ್ತಾನೆ. ನಾನೇ ಅವನಿಗೆ ಪುಕ್ಕಟೆ ಪ್ರೂಫ್ ನೋಡಿಕೊಟ್ಟ ಹಾಗಾಗುತ್ತದೆ. ಬೇಡ ಎಂದು ನಿರ್ಧರಿಸಿದೆ. ಇದು ಇನ್ನೂ ದೊಡ್ಡದಾಗಲಿ, ತಿದ್ದಲಾಗದ ಜಾಗಕ್ಕೆ ಹೋಗಿ ಕೂರಲಿ. ಆ ದಿನ ಕೈಕಟ್ಟಿ ಸುಮ್ಮನೆ ಕುಳಿತೆ. ಮೌನವೇ ಒಪ್ಪಿಗೆ ಎಂದು ಅವರು ಬರೆದುಕೊಂಡರು.

ಬೆಲೆ ತೆತ್ತೆ, ಇಲ್ಲವೆನ್ನುವುದಿಲ್ಲ. ಸೈನ್ಸ್ ವಿಭಾಗದ ಕ್ಲಾಸುಗಳನ್ನು ನನ್ನಿಂದ ತೆಗೆದರು. ನಿವೃತ್ತಿಯವರೆಗೂ ಕಾಮರ್ಸಿನವರಿಗೆ ಬೇಸಿಕ್ ಮ್ಯಾಥ್ಸ್, ಮತ್ತೆ ಪರೀಕ್ಷೆಯ ಮೇಲ್ವಿಚಾರಣೆ. ಬಸ್ಸಿನ ಪಾಠ ಮಾಡಕೂಡದು ಎಂದು ಬಾಯಿಮಾತಿನ ಆಜ್ಞೆ. ಇವೆಲ್ಲ ಸಹಿಸಬಹುದಿತ್ತು. ಸ್ಟಾಫ್ ರೂಮಿನಲ್ಲಿ ನನಗೊಂದು ಹೆಸರು ಬಿತ್ತು, "ಕಾಪಿ ಮೇಡಂ". ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿನಲ್ಲೇ ನಗೆಯ ಜೊತೆ. ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುತ್ತಿತ್ತು. ಆ ಹೆಸರನ್ನು ನಾನು ಅವನ ಕೊರಳಿಗೇ ಕಟ್ಟಬೇಕು, ಕಟ್ಟಿಯೇ ಸಾಯಬೇಕು. ಆ ವರ್ಷಗಳಲ್ಲಿ ನನಗೆ ಬೇರೆ ಆಸೆ ಇರಲಿಲ್ಲ.

ನಮ್ಮವರಿಗೆ ಇದು ಅರ್ಥವಾಗಲಿಲ್ಲ. ಮುಂಬೈಯ ಹೋಟೆಲುಗಳಲ್ಲಿ ದುಡಿದು ಬಂದ ಮನುಷ್ಯ, ಜಗಳವನ್ನು ಆ ಗಳಿಗೆಯಲ್ಲೇ ಮುಗಿಸಿ ಚಾ ಕುಡಿಯುವವರು.

"ಒಂದ್ ಮಾತ್ ಹೇಳಿ ಮುಗ್ಸುದ್ ಬಿಟ್ಟ್ ಇದೆಂತಕ್ಕೆ ಹೊಟ್ಟಿಯೊಳ್ಗೆ ಇಟ್ಕಂಡಿದ್ದೆ ಮಾರಾಯ್ತಿ?"

"ಇನ್ನೂ ಬೆಂದಿಲ್ಲೆ," ಎಂದೆ.

"ಎಂತ, ಅಕ್ಕಿಯಾ?"

"ಹೌದ್. ಬೇಯ್ಲಿ."

ಅವನ ಜಾಹೀರಾತು ದೊಡ್ಡದಾಗುತ್ತ ಹೋಯಿತು. ಟೀ ಶರ್ಟಿನ ಬೆನ್ನ ಮೇಲೆ ಸಂಖ್ಯೆ, ಕ್ಯಾಲೆಂಡರಿನಲ್ಲಿ ಸಂಖ್ಯೆ, ಹಾಲಾಡಿಯ ಸರ್ಕಲಿನಲ್ಲಿ ಆಳೆತ್ತರದ ಫ್ಲೆಕ್ಸ್. ಬಸ್ಸಿನ ಕಿಟಕಿಯಿಂದ ಎಲ್ಲಿ ಕಂಡರೂ ಎಣಿಸುತ್ತಿದ್ದೆ. ಹದಿನೆಂಟನೇ ಸೀಟಿನಲ್ಲಿ ಏಳು ಇನ್ನೂ ಕೂತಿದೆಯೇ? ನನ್ನ ಭಯ ಅದೊಂದೇ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸರಿಯಾದ ಸಂಖ್ಯೆ ಯಾರಿಗಾದರೂ ಸಿಗುತ್ತದೆ. ಒಂದು ದಿನ ಸುಮ್ಮನೆ ಹುಡುಕಿದರೆ ಅವನು ಉಳಿದುಕೊಳ್ಳುತ್ತಾನೆ. ಆದರೆ ತಾನೇ ಕಂಡುಹಿಡಿದೆ ಎಂದು ಊರಿಗೆಲ್ಲ ಸಾರಿದವನು ಅದನ್ನು ಹುಡುಕುವುದಾದರೂ ಏಕೆ? ಒಮ್ಮೆ ಬ್ರಹ್ಮಾವರದ ಶಾಖೆಗೆ ಹೊಸ ಬಣ್ಣ ಹೊಡೆದು ಅಂಕಿಗಳನ್ನು ಹೊಸದಾಗಿ ಬರೆಸಿದ್ದರು. ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ಹಿಂದೆ ನಡೆದು ಬಂದು ಓದಿದೆ. 87. ಪಕ್ಕದ ಅಂಗಡಿಯಲ್ಲಿ ಒಂದು ಸೋಡಾ ಕುಡಿದು ಸಮಾಧಾನದಿಂದ ಮನೆಗೆ ಹೋದೆ.

ನನ್ನ ಹಳೆಯ ವಿದ್ಯಾರ್ಥಿನಿ ಪ್ರತಿಮಾ ಹಾಲಾಡಿಯಲ್ಲಿ ಔಷಧಿ ಅಂಗಡಿ ನಡೆಸುತ್ತಾಳೆ. ಆ ಫ್ಲೆಕ್ಸ್ ಏರಿದ ದಿನವೇ ಅವಳ ಫೋನ್ ಬಂತು.

"ಮೇಡಂ, ನಮ್ಮ್ ಅಂಗ್ಡಿ ಎದ್ರ್ ಒಂದ್ ಬೋರ್ಡ್ ಹಾಕಿರ್. ಅದ್ ನಿಮ್ಮ್ ಹೋಂವರ್ಕ್ ಅಲ್ದಾ!"

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲೆ. ನಂಗೆ ನೆಗಿ ತಡುಕೆ ಆತಿಲ್ಲೆ."

"ನೆಗಾಡ್. ಬಾಯ್ ಬಿಡ್ಬ್ಯಾಡ. ನಿನ್ನ ಬ್ಯಾಚಿನವ್ರಿಗೂ ಹಾಂಗೇ ಹೇಳ್."

2019ರಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಯಾರೂ ನನ್ನ ಬಸ್ಸಿನ ಪಾಠದ ಮಾತೆತ್ತಲಿಲ್ಲ. ಮತ್ತೆ ಮೂರು ವರ್ಷ ಕಳೆಯಿತು. ರಮಾಕಾಂತ ಕುಂದಾಪುರದಲ್ಲಿ ಸ್ವಂತ ಕಟ್ಟಡ ಕಟ್ಟಿಸಿದ.

ಒಂದು ಸಂಜೆ ನಮ್ಮ ಕುಂಭಾಶಿಯವರೇ ಆದ ಶಂಕರ ಆಚಾರಿ ಜಗಲಿಗೆ ಬಂದರು. ಶಿಲಾಫಲಕ ಕೆತ್ತುವುದು ಅವರ ಕಸುಬು. ಕೈಯಲ್ಲಿ ಮೊಬೈಲು.

"ಹ್ವಾಯ್ ಮೇಡಮ್ಮ, ಇದ್ ಒಂಚೂರ್ ಕಾಣಿ. ಕುಂದಾಪ್ರದ ಕೋಚಿಂಗಿನವ್ರ ಹೊಸ ಬಿಲ್ಡಿಂಗಿಗೆ ಕರಿಕಲ್ಲ್ ಮಾಡುಕಿತ್ತ್. ಬರೀ ಅಂಕಿ. ಕಾಗ್ದದ್ ಮೇಲಾರೆ ಒರ್ಸಿ ಬರೀಲಕ್ಕ್, ಕಲ್ಲ್ ಕೆತ್ತಿರ್ ಮೇಲೆ ಮುಗ್ದೋಯ್ತ್. ಇಪ್ಪತ್ತೈದ್ ಅಂಕಿ ಸಮಾ ಇತ್ತಾ?"

ನೋಡಿದೆ. ಸೀಟುಗಳೆಲ್ಲ ಭರ್ತಿ. ಹದಿನೆಂಟರಲ್ಲಿ ಏಳು, ಕಾಲ ಮೇಲೆ ಕಾಲು ಹಾಕಿ. ಒಳಗಿನಿಂದ ನಮ್ಮವರು ಕತ್ತು ಉದ್ದ ಮಾಡಿ ನನ್ನ ಮುಖವನ್ನೇ ನೋಡುತ್ತಿದ್ದರು. ಈಗಲಾದರೂ ಹೇಳುತ್ತಾಳೋ ಎಂದು ಅವರಿಗೆ ಕುತೂಹಲ.

"ಇಪ್ಪತ್ತೈದ್ ಸಮಾ ಇತ್ತ್ ಆಚಾರ್ರೇ," ಎಂದೆ. "ಅವ್ರ್ ಕೊಟ್ಟದ್ದನ್ನೇ ಕೆತ್ತಿ. ಒಂದ್ ಅಂಕಿ ಸಹಾ ಬದ್ಲ್ ಮಾಡ್ಬ್ಯಾಡಿ. ಆಳ ಮಾಡಿ ಕೆತ್ತಿ."

ಆಚಾರಿ ಹೋದ ಮೇಲೆ ನಮ್ಮವರು, "ಬೆಂತಾ?" ಎಂದು ಕೇಳಿದರು. ಬೆಂತು ಎಂದೆ.

ಉದ್ಘಾಟನೆಗೆ ನನಗೆ ಆಮಂತ್ರಣವೇ ಬಂತು. ನಿವೃತ್ತ ಶಿಕ್ಷಕರಿಗೆ ಸನ್ಮಾನ ಮಾಡುತ್ತಾರಂತೆ, ಅದರಲ್ಲಿ ನನ್ನ ಹೆಸರೂ ಇತ್ತು. ಗೆದ್ದವನಿಗೆ ಉದಾರಿಯಾಗಿ ಕಾಣಿಸಿಕೊಳ್ಳುವ ಆಸೆ ಇರುತ್ತದಲ್ಲ. ಪ್ರತಿಮಾಳಿಗೆ ಫೋನ್ ಮಾಡಿದೆ. "ಬಪ್ಪುಕಾತ್ತಾ? ನಿನ್ನ ಸಂಗ್ತಿಯವ್ರನ್ನೂ ಕರ್ಕಂಡ್ ಬಾ." ಮದುವೆಮನೆಗೆಂದು ಎತ್ತಿಟ್ಟಿದ್ದ ಕೆಂಪಂಚಿನ ಸೀರೆ ಉಟ್ಟು, ಹೂ ಮುಡಿದು ಹೋದೆ.

ಸಭಾಂಗಣ ತುಂಬಿತ್ತು. ಬೋಟಿನ ಮಾಲೀಕರು, ಮೀನು ವ್ಯಾಪಾರದ ಹೆಂಗಸರು, ಬೈಂದೂರಿನ ಕಡೆಯ ತೋಟದವರು, ಎಲ್ಲರೂ ಮಕ್ಕಳ ತಂದೆತಾಯಿ. ನಮ್ಮ ಹಳೆಯ ಸಂಚಾಲಕರೇ ಮುಖ್ಯ ಅತಿಥಿ. ಅವರು ಪರದೆ ಸರಿಸಿದಾಗ ವೇದಿಕೆಯ ಪಕ್ಕದ ಗೋಡೆಯಲ್ಲಿ ಮಿರಿಮಿರಿ ಹೊಳೆಯುವ ಕಪ್ಪು ಕಲ್ಲು ಕಂಡಿತು. ಅಂಕಿಗಳಿಗೆ ಚಿನ್ನದ ಬಣ್ಣ ತುಂಬಿದ್ದರು. ಚಪ್ಪಾಳೆಯೋ ಚಪ್ಪಾಳೆ. ಆಚಾರಿಯವರಿಗೂ ಒಂದು ಶಾಲು ಹೊದೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ನನ್ನ ಸರದಿ ಬಂತು. ರಮಾಕಾಂತ ಮೈಕಿನಲ್ಲಿ, "ಇವರು ನಮ್ಮ ಹಿರಿಯರು. ನಮ್ಮ ಸಂಖ್ಯೆಯನ್ನು ಬಹಳ ಪ್ರೀತಿಯಿಂದ ತಮ್ಮ ತರಗತಿಯಲ್ಲೂ ಬಳಸಿಕೊಂಡವರು" ಎಂದ. ಗೊತ್ತಿದ್ದವರು ನಕ್ಕರು. ನಾನು ಶಾಲು ಹೊದೆದುಕೊಂಡು, ಒಂದೆರಡು ಮಾತಾಡಲೇ ಎಂದೆ. ಬೇಡವೆನ್ನಲು ಅವನಿಗೆ ಸಾಧ್ಯವಿರಲಿಲ್ಲ.

"ರಮಾಕಾಂತ ಸರ್, ನಿಮ್ಮ ಬಸ್ಸಿನ ನಿಯಮ ಒಂದ್ಸಲ ಸಭೆಗೆ ಹೇಳಿ," ಎಂದೆ. ಅವನು ಉತ್ಸಾಹದಿಂದ ಹೇಳಿದ. ಎಷ್ಟನೇ ಸೀಟೋ ಅಷ್ಟರಿಂದ ಭಾಗ ಹೋಗಬೇಕು. ಸಭೆಗೆ ಅರ್ಥವಾಯಿತು. "ಎಲ್ಲ ಸೀಟು ನೀವೇ ಚೆಕ್ ಮಾಡಿದ್ದಲ್ವಾ?"

"ನಾನಲ್ಲದೆ ಮತ್ಯಾರು ಮೇಡಂ?"

"ಹಾಗಾದ್ರೆ ಹದಿನೆಂಟನೇ ಸೀಟಿನವರೆಗೆ ಎಲ್ಲರ ಎದುರು ಒಮ್ಮೆ ಭಾಗ ಮಾಡಿ ತೋರಿಸಿ."

ಅವನು ನಕ್ಕ. ಅಷ್ಟು ದೊಡ್ಡ ಭಾಗಾಕಾರ ಯಾಕೆ, ಉಪಾಯ ಇದೆಯಲ್ಲ ಎಂದು ಕಲ್ಲಿನ ಮೊದಲ ಹದಿನೆಂಟು ಅಂಕಿಗಳನ್ನು ಗಟ್ಟಿಯಾಗಿ ಕೂಡಿಸಿದ. ಅಂಕಿಗಳ ಮೊತ್ತ ಒಂಬತ್ತರ ಮಗ್ಗಿಯಲ್ಲಿ ಬಂದರೆ ಇಡೀ ಸಂಖ್ಯೆ ಒಂಬತ್ತರಿಂದ ಭಾಗ ಹೋಗುತ್ತದೆ. ಪಾಠ ಮಾಡುವವರೆಲ್ಲ ಕಣ್ಣು ಮುಚ್ಚಿ ಮಾಡುವ ತಾಳೆ ಅದು. "ಎಂಬತ್ತೊಂದು! ಒಂಬತ್ತೊಂಬತ್ತಲೆ ಎಂಬತ್ತೊಂದು. ಸರಿ ಇದೆಯಲ್ಲ ಮೇಡಂ?" ಚಪ್ಪಾಳೆ ಬಿತ್ತು. ಅಂಕಿಗಳನ್ನು ಹಿಂದೆ ಮುಂದೆ ಕೂರಿಸಿದರೂ ಮೊತ್ತ ಬದಲಾಗುವುದಿಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ನಾನು ಚಪ್ಪಾಳೆ ನಿಲ್ಲುವವರೆಗೆ ಕಾದೆ.

"ಒಂಬತ್ತಕ್ಕೆ ಹೋಯಿತು. ಹದಿನೆಂಟಕ್ಕೆ ಹೋಗಬೇಕಾದರೆ ಎರಡಕ್ಕೂ ಹೋಗಬೇಕಲ್ಲ? ಹದಿನೆಂಟನೇ ಅಂಕಿ ಯಾವುದು ಸರ್, ಓದಿ."

ಅವನು ತಿರುಗಿ ಕಲ್ಲನ್ನು ನೋಡಿದ. ಬೆರಳಿಟ್ಟು ಎಣಿಸಿದ. ಇನ್ನೊಮ್ಮೆ ಎಣಿಸಿದ. ಅವನ ಕಿವಿ ಕೆಂಪಾಗುವುದನ್ನು ನಾನು ಹತ್ತಿರದಿಂದ ಕಂಡೆ. ಆ ಕೆಂಪಿಗಾಗಿ ಅಷ್ಟು ವರ್ಷ ಕಾದಿದ್ದೆ, ಕಣ್ತುಂಬ ನೋಡಿದೆ.

"ಏಳು," ಎಂದ. ಆಮೇಲೆ ತಟ್ಟನೆ, "ಇದು ಕೆತ್ತಿದವರ ತಪ್ಪು!"

ಮುಂದಿನ ಸಾಲಿನಲ್ಲಿ ಶಾಲು ಕೊಡವಿಕೊಂಡು ಆಚಾರಿ ಎದ್ದರು.

"ಹ್ವಾಯ್, ಎಂತ ಹೇಳ್ತ್ರಿ? ನೀವ್ ಕಳ್ಸದ್ದನ್ನೇ ಕೆತ್ತದ್ದ್. ನಿಮ್ಮ್ ಬೆನ್ನ್ ಹಿಂದಿನ್ ಬ್ಯಾನರ್ ಕಾಣಿ, ಅದ್ರಗೂ ಹೀಂಗೇ ಇತ್ತಲೆ!"

ಬ್ಯಾನರಿನಲ್ಲೂ 87, ಸ್ವಯಂಸೇವಕರ ಟೀ ಶರ್ಟುಗಳ ಬೆನ್ನಿನಲ್ಲೂ 87. ಜನ ಒಬ್ಬರ ಬೆನ್ನನ್ನು ಇನ್ನೊಬ್ಬರು ತಿರುಗಿಸಿ ಎಣಿಸತೊಡಗಿದರು.

"ಆಚಾರಿಯವರದ್ದೇನೂ ತಪ್ಪಿಲ್ಲ," ಎಂದೆ. "ಆ ಏಳನ್ನು ಅಲ್ಲಿ ಕೂರಿಸಿದವಳು ನಾನು. ಪ್ರತಿ ವರ್ಷ ಪಾಠ ಮುಗಿದ ಮೇಲೆ ಬೇಕೆಂದೇ ಒಂದು ತಪ್ಪು ಮಾಡಿ ಬೋರ್ಡಿನ ಮೇಲೆ ಬರೆದು ಬರುತ್ತಿದ್ದೆ, ಮಕ್ಕಳು ಹುಡುಕಲಿ ಎಂದು. ನನ್ನ ಹಳೆ ಮಕ್ಕಳು ಯಾರಾದರೂ ಇಲ್ಲಿದ್ದೀರಾ? ಹೋಂವರ್ಕಿನ ಉತ್ತರ ಎಂತ?"

ಹಿಂದಿನ ಸಾಲಿನಿಂದ ಪ್ರತಿಮಾ ಎದ್ದಳು. ಅವಳ ಜೊತೆ ಅಲ್ಲಲ್ಲಿ ಕುರ್ಚಿಗಳು ಸರಿದವು. ಗಡ್ಡ ಬಂದವರು, ಮಗು ಎತ್ತಿಕೊಂಡವರು, ನಾನು ಕರೆಸದೇ ಇದ್ದ ಎಷ್ಟೋ ಜನ ಎದ್ದು ನಿಂತರು. ಕ್ಲಾಸಿನಲ್ಲಿ ಕೂಗುತ್ತಿದ್ದ ಹಾಗೆಯೇ ಒಟ್ಟಿಗೆ ಕೂಗಿದರು:

"ಹದ್ನೇಳ್, ಹದ್ನೆಂಟ್ ಅದಲ್ ಬದಲ್, ಮೇಡಂ!"

ನಾನು ಅಳುವವಳಲ್ಲ. ಅವತ್ತು ಅತ್ತೆ, ಮೈಕಿನ ಎದುರೇ. ಬಳಿಕ ಮೈಕನ್ನು ರಮಾಕಾಂತನ ಕೈಗೆ ಕೊಟ್ಟು ಕೆಳಗಿಳಿದೆ. ಯಾರೋ ಒಬ್ಬರು ಹಿಂದಿನಿಂದ "ಕಾಪಿ ಸರ್!" ಎಂದರು. ಸಭಾಂಗಣ ಗೊಳ್ಳೆಂದಿತು. ಹೆಸರು ಸರಿಯಾದ ವಿಳಾಸಕ್ಕೆ ತಲುಪಿತು.

ಬಾಗಿಲ ಬಳಿ ಸಂಚಾಲಕರು ತಡೆದರು. ಮುಖ ಸಣ್ಣದಾಗಿತ್ತು. "ಮೇಡಂ, ಆವತ್ತೇ ಒಂದು ಮಾತು ಹೇಳಬಹುದಿತ್ತಲ್ಲ?"

"ಸಂಖ್ಯೆ ಯಾರದ್ದು ಎಂದು ಕೇಳಿದಿರಿ ಸರ್. ಸರಿ ಇದೆಯಾ ಎಂದು ಕೇಳಲಿಲ್ಲ," ಎಂದು ಚಪ್ಪಲಿ ಹಾಕಿಕೊಂಡೆ.

ಕಾಲೇಜಿನವರು ಆಮೇಲೆ ನನ್ನನ್ನು ಕರೆಸಿ, ಬಸ್ಸಿನ ಪಾಠವನ್ನು ಸೈನ್ಸಿನ ಮಕ್ಕಳಿಗೆ ಮತ್ತೆ ಮಾಡಿಸಿದರು. ಈಗಲೂ ವರ್ಷಕ್ಕೊಮ್ಮೆ ಹೋಗುತ್ತೇನೆ. ಬಿಟ್ಟುಬಿಡಬಹುದಿತ್ತು, ದೊಡ್ಡವರಾಗಿ ಕ್ಷಮಿಸಬಹುದಿತ್ತು ಎಂದು ಕೆಲವರು ಹೇಳಿದ್ದುಂಟು. ಕಾಮರ್ಸಿನ ಕ್ಲಾಸಿನ ಹಿಂದಿನ ಬೆಂಚಿನ ಆ ಕಿಸಕ್ಕನ್ನು ಅವರು ಕೇಳಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಉತ್ತರ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ಅದನ್ನು ತಡೆಯಲಾಗುವುದಿಲ್ಲ. ಅದು ಎಲ್ಲಿ ಮುರಿಯುತ್ತದೆ ಎಂಬುದು ಮಾತ್ರ ಲೆಕ್ಕ ಮಾಡಿದವರ ಬಳಿಯೇ ಉಳಿಯುತ್ತದೆ. ಪಾಠ ಮಾಡುವವರು ಅಷ್ಟನ್ನು ಜೋಪಾನ ಮಾಡಿಕೊಂಡರೆ ಸಾಕು.

ಕೆಲವು ವಾರ ಆ ಕಲ್ಲಿನ ಮೇಲೆ "ಪ್ರವೇಶ ಆರಂಭವಾಗಿದೆ" ಎಂಬ ಫ್ಲೆಕ್ಸ್ ನೇತಾಡುತ್ತಿತ್ತು. ಒಂದು ದಿನ ಶಂಕರ ಆಚಾರಿ ಮತ್ತೆ ನಮ್ಮ ಜಗಲಿಗೆ ಬಂದರು. ರಮಾಕಾಂತ ಕಳಿಸಿದ್ದ.

"ಆ ಎರಡ್ ಅಂಕಿ ಕಿತ್ತ್ ತೇಪೆ ಹಾಕಿರೆ ದೂರ್ದಿಂದ್ಲೇ ಕಾಂತ್ತ್ ಮೇಡಮ್ಮ. ಒರ್ಸುಕೆ ಎಂತಾರೂ ಉಪಾಯ ಇತ್ತಾ, ನಿಮ್ಮನ್ನ್ ಒಂದ್ ಮಾತ್ ಕೇಣಿ ಅಂದ್ರ್."

ನಾನು ಅವರಿಗೆ ಚಾ ತಂದಿಟ್ಟೆ.

"ನನ್ನ್ ಹತ್ರ ಎಂತಕ್ಕೆ ಕೇಂತ್ರ್ ಆಚಾರ್ರೇ? ನಾನ್ ಬರ್ದದ್ದನ್ನ್ ಒರ್ಸುದ್ ಯಾವಾಗ್ಳೂ ಅವ್ರೇ ಅಲ್ದಾ?"